ಬಿಳಿ ಕಾಗದದಲ್ಲಿ ಜರಿ

ಮೊದಲೇ ಹೇಳಿಬಿಡುತ್ತೇನೆ, ನನ್ನ ಕೈಗೆ ಕಾಗದ ಕೊಡಬೇಡಿ. ಕೊಟ್ಟರೆ ಓದುವುದಿಲ್ಲ, ಬೆಳಕಿಗೆ ಹಿಡಿಯುತ್ತೇನೆ. ಹೋದ ತೈ ತಿಂಗಳಲ್ಲಿ, ಸಂಕ್ರಾಂತಿ ಕಳೆದ ಮೇಲೆ, ಎದುರು ಬೀದಿಯ ಗಂಡಹೆಂಡತಿ ಮಗಳ ಮದುವೆಗೆ ಕರೆಯಲು ಬಂದಿದ್ದರು. ತಟ್ಟೆಯಲ್ಲಿ ಅರಿಶಿನ ಕುಂಕುಮ, ವೀಳ್ಯದೆಲೆ, ಅದರ ಮೇಲೆ ಪತ್ರಿಕೆ. ನಾನು ಪತ್ರಿಕೆ ತೆಗೆದುಕೊಂಡವನು ಎದ್ದು ಟ್ಯೂಬ್‌ಲೈಟಿನ ಕೆಳಗೆ ಹೋಗಿ, ಒಂದು ಕಣ್ಣು ಮುಚ್ಚಿ, ಎತ್ತಿ ಹಿಡಿದೆ. ಹುಡುಗಿಯ ತಂದೆಯ ಮುಖ ಸಣ್ಣದಾಯಿತು. ಕಳ್ಳನೋಟು ಕೊಟ್ಟವರನ್ನು ನೋಡುವ ಹಾಗೆ ನಾನು ನೋಡಿದೆನಂತೆ. ಇದು ನನ್ನ ಹೆಂಡತಿ ರುಕ್ಮಿಣಿ ಆಮೇಲೆ ಹೇಳಿದ್ದು. ಹುಡುಗನ ಹೆಸರೇನು, ಮುಹೂರ್ತ ಎಷ್ಟಕ್ಕೆ ಎಂದು ಅವಳು ಕೇಳಿದಾಗ ನನಗೆ ಒಂದೂ ಗೊತ್ತಿರಲಿಲ್ಲ. ಕಾಗದ ಮಾತ್ರ ಚೆನ್ನಾಗಿತ್ತು.

ಈ ರೋಗಕ್ಕೆ ಒಂದು ಹೆಸರಿದೆ. ನಾನು ಹಳೆ ತಪಾಲು ಕಾಗದಗಳನ್ನು ಕೂಡಿಹಾಕುವವನು. ಸ್ಟಾಂಪು ಕೂಡಿಹಾಕುವವರನ್ನು ನೀವು ಕಂಡಿರಬಹುದು; ಅವರು ಸಮಾಜದಲ್ಲಿ ಮರ್ಯಾದಸ್ಥರು. ನಾವು ಅವರಿಗಿಂತ ಒಂದು ಮೆಟ್ಟಿಲು ಕೆಳಗೆ. ಪೋಸ್ಟ್‌ಕಾರ್ಡು, ಇನ್‌ಲ್ಯಾಂಡು, ಮುದ್ರೆ ಹಾಕಿಯೇ ಮಾರುತ್ತಿದ್ದ ಲಕೋಟೆ, ಇವೇ ನಮ್ಮ ಪಾಲು. ಅದರಲ್ಲೂ ಯಾರೂ ಏನೂ ಬರೆಯದ ಖಾಲಿ ಕಾಗದ ಸಿಕ್ಕರೆ ನಮಗೆ ಹಬ್ಬ. ಮನುಷ್ಯರು ಬರೆದದ್ದರಲ್ಲಿ ನಮಗೆ ಅಷ್ಟು ಆಸಕ್ತಿಯಿಲ್ಲ.

ಇದನ್ನು ಕನ್ನಡದಲ್ಲಿ ಬರೆಯುತ್ತಿರುವುದಕ್ಕೂ ಆ ಕಾಗದಗಳೇ ಕಾರಣ. ಕೊಯಮತ್ತೂರಿನ ಹತ್ತಿರ ತುಡಿಯಲೂರಿನಲ್ಲಿ ನಮ್ಮ ಮನೆ, ಸಿರುಮುಗೈಯಲ್ಲಿ ನಮ್ಮ ಮೂಲ. ಅಪ್ಪ, ಅಜ್ಜ ಎಲ್ಲ ಕೈಮಗ್ಗದಲ್ಲಿ ರೇಷ್ಮೆ ಸೀರೆ ನೇಯ್ದವರು. ಮನೆಯಲ್ಲಿ ಕನ್ನಡ ಉಂಟು, ಅಕ್ಷರ ಇಲ್ಲ. ಶಾಲೆ ತಮಿಳು, ಅಂಗಡಿ ತಮಿಳು, ಬಸ್ಸಿನಲ್ಲಿ ಕಾಲು ತುಳಿದವನನ್ನು ಬೈಯುವುದೂ ತಮಿಳು. ಹಳೆ ಕಾರ್ಡುಗಳ ಮೇಲಿನ ಕನ್ನಡ ಅಚ್ಚು ಓದಬೇಕೆಂದು, ತಲೆ ನರೆತ ಮೇಲೆ, ಮಕ್ಕಳ ಪುಸ್ತಕ ಇಟ್ಟುಕೊಂಡು ಅಆಇಈ ತಿದ್ದಿದೆ. ರುಕ್ಮಿಣಿಗೆ ಇವತ್ತಿಗೂ ಕನ್ನಡ ಓದಲು ಬರುವುದಿಲ್ಲ. ಹಾಗಾಗಿ ಅವಳ ಬಗ್ಗೆ ಇಲ್ಲಿ ಧೈರ್ಯವಾಗಿ ಬರೆಯಬಲ್ಲೆ. ನನ್ನ ವಯಸ್ಸಿನ ಗಂಡಸರಿಗೆ ಇದು ಸಣ್ಣ ಸವಲತ್ತಲ್ಲ.

ಬೆಳಕಿಗೆ ಹಿಡಿದರೆ ಏನು ಕಾಣುತ್ತದೆ ಎಂದು ಕೇಳುತ್ತೀರಿ. ಕಾಗದದ ಹುಟ್ಟು ಕಾಣುತ್ತದೆ. ನೀರಿನಲ್ಲಿ ಕಲಸಿದ ನಾರಿನ ಗಂಜಿಯನ್ನು ತಂತಿಯ ಜರಡಿಯಲ್ಲಿ ಎತ್ತಿ, ನೀರು ಸೋರಿಸಿ ಒಣಗಿಸಿದರೆ ಕಾಗದ. ಜರಡಿಯ ತಂತಿಗಳನ್ನು ಒಂದರ ಪಕ್ಕ ಒಂದು ಮಲಗಿಸಿದ್ದರೆ ಕಾಗದದ ಒಳಗೆ ಉದ್ದುದ್ದ ಗೆರೆ ಉಳಿಯುತ್ತದೆ. ಅದು ಗೆರೆ ಕಾಗದ. ತಂತಿಯನ್ನು ಬಟ್ಟೆಯ ಹಾಗೆ ಹಾಸು ಹೊಕ್ಕು ಹಾಕಿ ನೇಯ್ದಿದ್ದರೆ ಗೆರೆ ಇಲ್ಲ, ಒಂದೇ ಸಮ. ಅದಕ್ಕೆ ನೇಯ್ದ ಕಾಗದ ಎನ್ನುತ್ತಾರೆ. ಜರಡಿಯ ಮೇಲೆ ತಂತಿಯಿಂದ ಒಂದು ಶಂಖವನ್ನೋ ಕಿರೀಟವನ್ನೋ ಹೊಲಿದಿಟ್ಟರೆ ಅಲ್ಲಿ ಗಂಜಿ ತೆಳುವಾಗಿ ನಿಂತು, ಬೆಳಕಿಗೆ ಹಿಡಿದಾಗ ಆ ಚಿತ್ರ ಮೂಡುತ್ತದೆ. ಅದು ನೀರಚ್ಚು. ನಾವೆಲ್ಲ ವಾಟರ್‌ಮಾರ್ಕ್ ಎಂದೇ ಅನ್ನುವುದು.

ಮೊದಲ ಸಲ 'ನೇಯ್ದ ಕಾಗದ' ಎಂಬ ಮಾತು ಕಿವಿಗೆ ಬಿದ್ದಾಗ ನನಗೆ ಆದ ಸಂತೋಷ ಹೇಳತೀರದು. ಈ ವಿದ್ಯೆ ನಮ್ಮ ಜನಕ್ಕಾಗಿಯೇ ಹುಟ್ಟಿದ್ದು ಎಂದುಕೊಂಡೆ. ಅದೂ ಅಲ್ಲದೆ ಪಡುವಣ ಘಟ್ಟದ ಆಚೆಯ ಹಳೆ ಸಂಸ್ಥಾನಗಳಲ್ಲಿ ತಪಾಲಿಗೆ ಅಂಚಲ್ ಎನ್ನುತ್ತಿದ್ದರು; ತಮಿಳಿನಲ್ಲಿ ಅಂಜಲ್, ಕನ್ನಡದಲ್ಲಿ ಅಂಚೆ. ನೇಕಾರರ ಮನೆಯಲ್ಲಿ ಅಂಚೆಗೂ ಅಂಚಿಗೂ ಎಷ್ಟು ದೂರ? ನಾನು 'ಅಂಚೆ ಕಾಗದ ಸಿಕ್ಕಿತು' ಎಂದು ಮನೆಗೆ ಓಡಿ ಬಂದ ದಿನ ರುಕ್ಮಿಣಿ, ಸೀರೆ ಅಂಚಿನ ನಮೂನೆ ಬರೆದ ಕಾಗದ ಎಂದುಕೊಂಡು, ಎಷ್ಟು ಬೆರಳು ಅಗಲ ಎಂದು ಕೇಳಿದಳು.

ಆ ಸಿಕ್ಕಿದ ಕಾಗದವೇ ಈ ಕಥೆಯ ಮೂಲ. ಹಳೆ ಸಂಸ್ಥಾನವೊಂದರ ಅಂಚಲ್ ಹಾಳೆ. ಒಳಗೆ ಬರೆದು, ಮಡಚಿ, ಅಂಟಿಸಿ ಕಳಿಸುವಂಥದು, ಹಾಳೆಯೇ ಲಕೋಟೆ. ಈ ಹಾಳೆ ಎರಡು ಬಗೆಯ ಕಾಗದದಲ್ಲಿ ಬಂದಿತ್ತು. ಶಂಖದ ವಾಟರ್‌ಮಾರ್ಕ್ ಇರುವ ನೇಯ್ದ ಕಾಗದದ್ದು ಯಾರ ಬಳಿ ಬೇಕಾದರೂ ಇರುತ್ತದೆ. ಗೆರೆ ಕಾಗದದ್ದು ಇದೆ ಎಂದು ಕೇಳಿದವರುಂಟು, ಕಂಡವರು ನಮ್ಮ ಕಡೆ ಯಾರೂ ಇಲ್ಲ. ನನ್ನ ಹಾಳೆಯನ್ನು ತಂದು ಇಟ್ಟು, ಕೆಲವು ತಿಂಗಳ ಮೇಲೆ ಒಂದು ದಿನ ತೆಗೆದು ಕಿಟಕಿಯ ಪಕ್ಕ ಓರೆಯಾಗಿ ಹಿಡಿದರೆ ಗೆರೆ ಕಂಡಿತು, ನವಿರಾಗಿ, ಸಾಲಾಗಿ. ನೇರ ಬೆಳಕಿಗೆ ಎದುರಾಗಿ ಹಿಡಿದರೆ ಅಷ್ಟಾಗಿ ಕಾಣುತ್ತಿರಲಿಲ್ಲ. ಅದಕ್ಕೆ ನನ್ನ ಕನ್ನಡಕ ಹಳೆಯದಾಯಿತು ಎಂದು ತೀರ್ಮಾನಿಸಿ, ಹಾಳೆಯನ್ನು ಯಾವಾಗಲೂ ಓರೆಯಾಗಿಯೇ ಹಿಡಿದೆ.

ಇಟ್ಟದ್ದು ಎಲ್ಲಿ? ನಮ್ಮ ಮನೆಗಳಲ್ಲಿ ಬೆಲೆಯುಳ್ಳ ಕಾಗದ ಇಡುವುದು ಒಂದೇ ಜಾಗ, ಬೀರುವಿನಲ್ಲಿ ರೇಷ್ಮೆ ಸೀರೆಯ ಮಡಿಕೆಯ ಒಳಗೆ. ಮನೆಪತ್ರ ಅಲ್ಲಿ, ಜಾತಕ ಅಲ್ಲಿ. ಆಲ್ಬಮ್ಮಿನಲ್ಲಿ ಇಟ್ಟರೆ ಹುಳ ಬೀಳುತ್ತದೆ, ಸೀರೆಯಲ್ಲಿ ಬೀಳುವುದಿಲ್ಲ ಎಂಬುದು ರುಕ್ಮಿಣಿಯ ಮದುವೆ ಸೀರೆಯ ಮೇಲೆ ನಾನಿಟ್ಟ ನಂಬಿಕೆ. ಹಾಳೆ ಅದರ ಮಡಿಕೆಯಲ್ಲಿ, ಮೇಲೆ ಇಪ್ಪತ್ತು ಸೀರೆಗಳ ಭಾರ ಹೊತ್ತು, ವರ್ಷಗಟ್ಟಲೆ ನೆಮ್ಮದಿಯಾಗಿ ಮಲಗಿತ್ತು.

ಈಗ ರಾಮಲಿಂಗಣ್ಣನ ವಿಷಯ ಹೇಳಬೇಕು. ಸೋಮನೂರಿನವರು, ನಮ್ಮ ಹಾಗೆಯೇ ಮನೆಯಲ್ಲಿ ಕನ್ನಡ. ಮನೆಗೆ ಅಂಟಿಕೊಂಡ ಶೆಡ್ಡು, ಶೆಡ್ಡಿನ ತುಂಬ ಪವರ್‌ಲೂಮ್. ನನಗಿಂತ ನಾಲ್ಕಾರು ವರ್ಷ ಹಿರಿಯರು, ಹಳೆ ಕಾರ್ಡು ಕೂಡಿಹಾಕುವುದರಲ್ಲಿ ನನಗೆ ಗುರು ಎಂದರೂ ಸರಿ, ಎದುರಾಳಿ ಎಂದರೂ ಸರಿ. ಕೊಯಮತ್ತೂರಿನ ಗಾಂಧೀಪುರದಲ್ಲಿ ಒಂದು ಮೆಸ್ಸಿನ ಮಹಡಿಯ ಮೇಲೆ ತಿಂಗಳಿಗೊಂದು ಭಾನುವಾರ ನಾವು ಕಾಗದದ ಹುಚ್ಚರೆಲ್ಲ ಸೇರುತ್ತೇವೆ. ಅಲ್ಲಿ ಉಳಿದವರೆಲ್ಲ ತಮಿಳರು. ನಾನೂ ರಾಮಲಿಂಗಣ್ಣನೂ ಹಿಂದಿನ ಬೆಂಚಿನಲ್ಲಿ ಕೂತು, ಮುಂದೆ ನಿಂತು ಮಾತಾಡುವವನ ಬಗ್ಗೆ, ಅವನ ಆಲ್ಬಮ್ಮಿನ ಬಗ್ಗೆ, ಅವನ ಹೊಸ ಅಂಗಿಯ ಬಗ್ಗೆ ಕನ್ನಡದಲ್ಲಿ ಬೇಕಾದ್ದು ಹೇಳಿಕೊಳ್ಳುತ್ತಿದ್ದೆವು. ಯಾರಿಗೂ ಅರ್ಥವಾಗುತ್ತಿರಲಿಲ್ಲ. ಆಮೇಲೆ ಕೆಳಗೆ ಹೋಗಿ ಕಾಫಿ ಕುಡಿಯುತ್ತ ಉಳಿದದ್ದನ್ನು ಹೇಳಿ ಮುಗಿಸುತ್ತಿದ್ದೆವು.

ಇದು ಸಣ್ಣ ಸುಖ ಎಂದು ನಿಮಗನ್ನಿಸಬಹುದು. ಮನೆಯ ಕನ್ನಡ ಗ್ಯಾಸು, ಬೇಳೆ, ಮೊಮ್ಮಕ್ಕಳ ಕೆಮ್ಮು ಇಷ್ಟಕ್ಕೆ ಮುಗಿದುಹೋಗುತ್ತದೆ. ಲೋಕದ ಬಗ್ಗೆ ಕನ್ನಡದಲ್ಲಿ ಮಾತಾಡಲು ನನಗಿದ್ದವರು ಅವರೊಬ್ಬರೇ. ಅವರಿಗೆ ಇದ್ದವನು ನಾನೊಬ್ಬನೇ. ನಮ್ಮ ಕನ್ನಡವೇ ಒಂದು ವಾಟರ್‌ಮಾರ್ಕ್ ಇದ್ದ ಹಾಗೆ ಎಂದು ನಾನು ಇಲ್ಲಿ ಹೇಳುತ್ತೇನೆಂದು ಕಾದಿದ್ದರೆ ಕ್ಷಮಿಸಿ, ಹೇಳುವುದಿಲ್ಲ. ರಾಮಲಿಂಗಣ್ಣ ಒಂದು ಸಭೆಯಲ್ಲಿ ತಮಿಳಿನಲ್ಲಿ ಹೇಳಿಬಿಟ್ಟಿದ್ದಾರೆ, ಜನ ಮರ್ಯಾದೆಗೆ ಚಪ್ಪಾಳೆ ತಟ್ಟಿದ್ದೂ ಆಯಿತು.

ನನ್ನ ಹಾಳೆಯನ್ನು ಸಭೆಗೆ ತೋರಿಸುವ ದಿನ ಬಂತು. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಹೋಗಿ, ಗೆರೆ ಕಾಗದ ಎಂದರೇನು, ಅದು ಎಂಥ ಭಾಗ್ಯವಂತರಿಗೆ ಸಿಗುತ್ತದೆ ಎಂದು ಹೇಳಿದೆ. ಹಾಳೆಯನ್ನು ಕಿಟಕಿಯ ಹತ್ತಿರ ಓರೆಯಾಗಿ ಹಿಡಿದು ಎಲ್ಲರಿಗೂ ತೋರಿಸಿದೆ. ಎಲ್ಲರೂ ಆಹಾ ಎಂದರು. ರಾಮಲಿಂಗಣ್ಣ ಎದ್ದು ಬಂದು ಒಂದು ಸಲ ನೋಡಿದರು, ಹಿಂದಿನ ಬೆಂಚಿಗೆ ಹೋಗಿ ಕೂತರು. ಕೂತ ಮೇಲೆ, ತಮ್ಮಷ್ಟಕ್ಕೆ ತಾವೇ, ಕನ್ನಡದಲ್ಲಿ ಪಿಸುಗುಟ್ಟಿದರು.

ಇಲ್ಲಿ ಒಂದು ವಿಷಯ ತಿಳಿಸಬೇಕು. ಪವರ್‌ಲೂಮ್ ಸದ್ದಿನಲ್ಲಿ ಬಾಳಿದ ಮನುಷ್ಯನ ಪಿಸುಮಾತು ಬಸ್‌ಸ್ಟ್ಯಾಂಡಿನವರೆಗೆ ಕೇಳುತ್ತದೆ.

"ಕೈಮಗ್ಗದೋನ ಕಣ್ಣಿಗೆ ಬಿಳಿ ಕಾಗದದಲ್ಲೂ ಜರಿ ಕಾಣ್ತದೆ."

ಕೇಳಿದರೂ ಚಿಂತೆಯಿರಲಿಲ್ಲ, ಅರ್ಥವಾಗುವುದು ನನಗೊಬ್ಬನಿಗೇ. ಆದರೆ ಆ ತಿಂಗಳು ಒಬ್ಬ ಹೊಸ ಸದಸ್ಯ ಬಂದಿದ್ದ. ಕರ್ನಾಟಕದಿಂದ ವರ್ಗವಾಗಿ ಬಂದ ಬ್ಯಾಂಕ್ ಆಫೀಸರ್, ಅಚ್ಚುಕಟ್ಟಾದ ಕನ್ನಡದವನು. ಅವನು ಗೊಳ್ಳೆಂದು ನಕ್ಕ. ಅಷ್ಟೇ ಆಗಿದ್ದರೆ ಸಹಿಸಬಹುದಿತ್ತು. ಹೊಸದಾಗಿ ತಮಿಳು ಕಲಿಯುತ್ತಿದ್ದ ಉತ್ಸಾಹದಲ್ಲಿ, ಎಲ್ಲರಿಗೂ ತಿಳಿಯಲೆಂದು, ಅದನ್ನು ತಮಿಳಿಗೆ ಅನುವಾದ ಮಾಡಿದ. ವ್ಯಾಕರಣ ತಪ್ಪಿದ್ದರೂ ಅರ್ಥ ತಪ್ಪಲಿಲ್ಲ. ಇಡೀ ಮಹಡಿ ನಕ್ಕಿತು.

ಕೈಮಗ್ಗಕ್ಕೂ ಪವರ್‌ಲೂಮಿಗೂ ಇರುವ ಸಂಬಂಧ ಹೊರಗಿನವರಿಗೆ ತಿಳಿಯುವುದಿಲ್ಲ. ನಾವು ಅವರನ್ನು ಮೆಷಿನ್ ತಿರುಗಿಸುವವರು ಎನ್ನುತ್ತೇವೆ, ಅವರು ನಮ್ಮನ್ನು ಜರಿ ನೋಡಿಕೊಂಡು ಹಸಿದವರು ಎನ್ನುತ್ತಾರೆ. ಇದೆಲ್ಲ ನಮ್ಮ ನಮ್ಮಲ್ಲಿ. ತಮಿಳಿಗೆ ಅನುವಾದವಾಗುವಂಥದಲ್ಲ. ನನಗೆ ತುಂಬ ನೋವಾಯಿತು. ಅವತ್ತು ಕಾಫಿ ಕುಡಿಯದೆ ಬಸ್ ಹತ್ತಿದೆ. ಮುಂದಿನ ತಿಂಗಳು ಮುಂದಿನ ಬೆಂಚಿನಲ್ಲಿ ಕೂತೆ. ಅವರು ಹಿಂದಿನ ಬೆಂಚಿನಲ್ಲಿ ಒಬ್ಬರೇ. ನಡುವೆ ಯಾರು ಕಂಡರೂ ನನ್ನನ್ನು "ಏನು ಸಾರ್, ಜರಿ ಕಂಡಿತಾ?" ಎಂದು ಕೇಳುವರು. ಮುಂದಿನ ಬೆಂಚಿನಲ್ಲಿ ಕೂತವನಿಗೆ ಭಾಷಣ ಪೂರ್ತಿ ಕೇಳಿಸುತ್ತದೆ. ನಮ್ಮ ಸಭೆಯ ಭಾಷಣಗಳು ಎಷ್ಟು ಬೇಸರದವು ಎಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಮಾಮೂಲಾಗಿ ಇಂಥ ಹೊತ್ತಿನಲ್ಲಿ ಮನುಷ್ಯ ಫೋನು ಮಾಡಿ ಮಾತಾಡುತ್ತಾನೆ. ನಾನು ವಿಜ್ಞಾನದ ಮೊರೆ ಹೋದೆ. ಗೆರೆ ಕಾಗದದ ಹಾಳೆ ದಪ್ಪ, ನೇಯ್ದ ಕಾಗದದ್ದು ತೆಳು ಎಂದು ಹಳೆ ತಪಾಲು ಕಾಗದಗಳ ಕ್ಯಾಟಲಾಗು ಹೇಳುತ್ತದೆ. ಎಷ್ಟು ದಪ್ಪ ಎಂದು ಹೇಳುವುದಿಲ್ಲ. ಕಾಗದದ ದಪ್ಪ ಸಾಬೀತಾದರೆ ರಾಮಲಿಂಗಣ್ಣ ತಾವಾಗಿ ಬಂದು ತಪ್ಪಾಯಿತು ಎನ್ನುತ್ತಾರೆ, ನಾನು ದೊಡ್ಡ ಮನಸ್ಸು ಮಾಡಿ ಹಿಂದಿನ ಬೆಂಚಿಗೆ ಹೋಗಬಹುದು. ಲೆಕ್ಕಾಚಾರ ಇದು.

ರುಕ್ಮಿಣಿಯ ತಮ್ಮ ಸೆಂಥಿಲ್ ತಿರುಪ್ಪೂರಿನ ಒಂದು ಬನಿಯನ್ ಕಂಪನಿಯಲ್ಲಿ ಬಟ್ಟೆಯ ಗುಣ ನೋಡುವವನು. ಇಡೀ ದಿನ ಅವನ ಬಾಯಲ್ಲಿ ಒಂದೇ ಮಾತು, ಜಿಎಸ್‌ಎಂ. ಒಂದು ಚದರ ಮೀಟರು ಬಟ್ಟೆ ಎಷ್ಟು ಗ್ರಾಂ ತೂಗುತ್ತದೆ ಎಂಬ ಲೆಕ್ಕ. ಕಾಗದಕ್ಕೂ ಅದೇ ಲೆಕ್ಕವಲ್ಲವೇ? ಅವನು ಊಟಕ್ಕೆ ಬಂದ ಭಾನುವಾರ ಹಾಳೆಯನ್ನು ಪ್ಲಾಸ್ಟಿಕ್ ಕವರಿನಲ್ಲಿಟ್ಟು ಕೊಟ್ಟೆ. ಮುಟ್ಟುವಾಗ ಕೈ ಒಣಗಿರಲಿ, ಮಡಚಬೇಡ, ಬಿಸಿಲಿಗಿಡಬೇಡ ಎಂದೆಲ್ಲ ಹೇಳಿದೆ. "ಇದರ ಜಿಎಸ್‌ಎಂ ನೋಡಿ ಹೇಳಪ್ಪಾ" ಎಂದೆ. ಉದ್ದ ಅಗಲ ಅಳೆದು, ಸಣ್ಣ ತಕ್ಕಡಿಯಲ್ಲಿ ಇಟ್ಟು ತೂಗುತ್ತಾನೆ ಎಂದು ನನ್ನ ಕಲ್ಪನೆ.

ತಿರುಪ್ಪೂರಿನಲ್ಲಿ ಜಿಎಸ್‌ಎಂ ನೋಡು ಎಂದರೆ ಅದಕ್ಕೆ ಒಂದೇ ಅರ್ಥ ಎಂದು ನನಗೆ ಯಾರೂ ಹೇಳಿರಲಿಲ್ಲ. ಅಲ್ಲಿ ಒಂದು ಉಪಕರಣವಿದೆ, ಅಂಗೈ ಅಗಲದ ಗುಂಡು ಕಟರ್. ಬಟ್ಟೆಯ ಮೇಲೆ ಇಟ್ಟು, ಒತ್ತಿ, ಒಂದು ಸಲ ತಿರುಗಿಸಿದರೆ ಹಪ್ಪಳದಂಥ ಒಂದು ದುಂಡು ತುಂಡು ಕತ್ತರಿಸಿ ಬರುತ್ತದೆ. ಅದನ್ನು ತೂಗುತ್ತಾರೆ.

ಮುಂದಿನ ವಾರ ಸೆಂಥಿಲ್ ಬಂದಾಗ ಅವನ ಮುಖದಲ್ಲಿ ಕೆಲಸ ಚೆನ್ನಾಗಿ ಮಾಡಿದವನ ಕಳೆ ಇತ್ತು. ಸ್ಯಾಂಪಲ್ ರಟ್ಟಿನ ಮೇಲೆ ನನ್ನ ಅಂಚಲ್ ಹಾಳೆಯ ದುಂಡು ತುಂಡು, ಪಿನ್ ಹೊಡೆದು, ಪಕ್ಕದಲ್ಲಿ ಜಿಎಸ್‌ಎಂ ಬರೆದು ತಂದಿದ್ದ. ತೂತು ಬಿದ್ದ ಉಳಿದ ಹಾಳೆ ಬೇರೆ ಕವರಿನಲ್ಲಿ.

"ತುಂಬಾ ತೆಳು ಭಾವಾ. ಬನಿಯನ್‌ಗೆ ಆಗಲ್ಲ" ಎಂದ.

ನಾನು ಹಾಳೆಯನ್ನು ಎತ್ತಿ, ತೂತಿನ ಮೂಲಕ ಅವನನ್ನು ನೋಡಿದೆ. ಅವನು ಅದನ್ನು ಮೆಚ್ಚುಗೆ ಎಂದುಕೊಂಡು ಮುಂದುವರಿಸಿದ. "ಮೇಲೆ ಸುಕ್ಕು ಸುಕ್ಕಾಗಿ ಸಾಲು ಬಿದ್ದಿತ್ತು. ಹಂಗೇ ಕಟ್ ಮಾಡಿದ್ರೆ ಜಿಎಸ್‌ಎಂ ತಪ್ಪಾಗ್ತದೆ ಅಂತ ಸ್ಟೀಮ್ ಅಯರ್ನ್ ಹಾಕ್ದೆ. ಎಲ್ಲಾ ಹೋಯ್ತು, ನೀಟಾಗಿ ಬಂತು. ಆಮೇಲೆ ಲೈಟ್ ಟೇಬಲ್ ಮೇಲೆ ಹಾಕಿ ನೋಡ್ದೆ, ಒಂದು ಮೂಲೇಲಿ ವಾಟರ್‌ಮಾರ್ಕ್ ಐತೆ. ಅದನ್ನ ಬಿಟ್ಟು ಒಳ್ಳೆ ಜಾಗ ನೋಡಿ ಕಟ್ ಮಾಡಿದೀನಿ ಭಾವಾ."

ಬಟ್ಟೆಯವರ ಬಾಯಲ್ಲಿ ವಾಟರ್‌ಮಾರ್ಕ್ ಎಂದರೆ ನೀರಿನ ಕಲೆ. ಕಂಡರೆ ತಳ್ಳಿಬಿಡುವ ಮಾಲು. ಉಳಿದ ಹಾಳೆಯ ಮೂಲೆಯಲ್ಲಿ ಅವನು ಕೆಂಪು ಬಾಣದ ಸ್ಟಿಕ್ಕರ್ ಅಂಟಿಸಿ, ಅಭ್ಯಾಸಬಲದಿಂದ 'ರಿಜೆಕ್ಟ್' ಎಂದು ಬರೆದೂ ಬಿಟ್ಟಿದ್ದ. ಆ ಬಾಣ ತೋರಿಸಿದ ಕಡೆ ಬೆಳಕಿಗೆ ಹಿಡಿದೆ. ಈ ಸಲ ಓರೆಯಾಗಿ ಅಲ್ಲ, ನೇರವಾಗಿ. ಶಂಖ. ಅರ್ಧವೇ ಇತ್ತು, ಆದರೆ ಶಂಖವೇ. ನೇಯ್ದ ಕಾಗದ, ಯಾರ ಬಳಿ ಬೇಕಾದರೂ ಇರುವಂಥದು.

ಹಾಗಾದರೆ ಇಸ್ತ್ರಿಗೆ ಮಾಯವಾದ ಗೆರೆಗಳು ಯಾವುವು? ಅದಕ್ಕೆ ಉತ್ತರ ಹೇಳಿದವಳು ರುಕ್ಮಿಣಿ, ಅದೂ ಅಡುಗೆಮನೆಯಿಂದಲೇ. "ನನ್ನ ಮದುವೆ ಸೀರೇಲಿ ಇಟ್ಟಿದ್ರಲ್ಲ, ಅಂಚು ಒತ್ತಿರ್ತದೆ." ಬೀರು ತೆಗೆದು ನೋಡಿದೆ. ಸೀರೆಯ ಜರಿ ಅಂಚಿನಲ್ಲಿ ಸಣ್ಣ ಸಣ್ಣ ಉಬ್ಬು ಗೆರೆ, ಸಾಲಾಗಿ. ಇಷ್ಟು ವರ್ಷ ನಾನು ಕಿಟಕಿಯ ಪಕ್ಕ ನಿಂತು, ಓರೆಯಾಗಿ ಹಿಡಿದು, ಕಣ್ಣು ತುಂಬಿಕೊಂಡ ಗೆರೆಗಳು ಅವು. ಅಂದರೆ ನಾನು ಬಿಳಿ ಕಾಗದದಲ್ಲಿ ನಿಜಕ್ಕೂ ಜರಿಯನ್ನೇ ಕಂಡಿದ್ದೆ. ರಾಮಲಿಂಗಣ್ಣ ಹಾಸ್ಯಕ್ಕೆ ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.

ಸೆಂಥಿಲ್‌ನನ್ನು ಬೈಯಲಿಲ್ಲ. ಅವನು ಎರಡು ಸಲ ಬಡಿಸಿಕೊಂಡು ಊಟ ಮಾಡಿ ಹೋದ. ಆಮೇಲೆ ಆ ದುಂಡು ತುಂಡನ್ನು ಮುಂದಿಟ್ಟುಕೊಂಡು ಕೂತೆ. ನಿಜ ಹೇಳಬೇಕೆಂದರೆ, ಹಾಳೆ ಹೋಯಿತಲ್ಲ ಎಂಬ ದುಃಖ ಬೇಗ ಇಳಿಯಿತು. ಇದನ್ನು ಹೇಳಿದರೆ ಹೊಟ್ಟೆ ಹಿಡಿದುಕೊಂಡು ನಗುವ ಮನುಷ್ಯ ಇಡೀ ಜಿಲ್ಲೆಯಲ್ಲಿ ಒಬ್ಬರೇ ಇದ್ದಾರೆ, ಅವರಿಗೇ ಹೇಳುವಂತಿಲ್ಲ ಎಂಬ ದುಃಖ ಇಳಿಯಲಿಲ್ಲ. ಫೋನು ಕೈಗೆತ್ತಿಕೊಂಡು ಕೆಳಗಿಟ್ಟೆ. ಸೋತವನು ತಾನಾಗಿ ಫೋನು ಮಾಡುವುದು ನಮ್ಮ ಸಿರುಮುಗೈಯವರ ರಕ್ತದಲ್ಲಿಲ್ಲ.

ಸುದ್ದಿ ಹೇಗೋ ಸೋಮನೂರು ತಲುಪಿತು. ನೇಯುವವರ ನಡುವೆ ಸುದ್ದಿಗೆ ಅಂಚೆ ಬೇಕಿಲ್ಲ. ಒಂದು ಸಂಜೆ ರಾಮಲಿಂಗಣ್ಣ ಬಾಗಿಲಲ್ಲಿ ನಿಂತಿದ್ದರು. ಬಿಳಿ ಪಂಚೆ, ಬಿಳಿ ಅಂಗಿ, ಕೈಯಲ್ಲಿ ಹಣ್ಣಿಲ್ಲ ಹೂವಿಲ್ಲ. ಸಾವಿನ ಮನೆಗೆ ಬರುವ ಹಾಗೆ ಬಂದು, ಯಾರ ಮುಖವೂ ನೋಡದೆ, ಕುರ್ಚಿಯ ತುದಿಯಲ್ಲಿ ಕೂತರು. ರುಕ್ಮಿಣಿ ಕಾಫಿ ಎಂದಾಗ ಬೇಡವೆಂದು ಕೈ ಆಡಿಸಿದರು. ಆಮೇಲೆ "ಎಲ್ಲಪ್ಪಾ, ತೋರ್ಸು" ಎಂದರು.

ದುಂಡು ತುಂಡನ್ನು ಕೊಟ್ಟೆ. ಅವರು ಕಿಟಕಿಯ ಬಳಿ ಹೋಗಿ ನೇರ ಹಿಡಿದರು, ಓರೆ ಹಿಡಿದರು, ಭೂತಗನ್ನಡಿ ತೆಗೆದು ನೋಡಿದರು. ಸ್ವಂತ ಅಳಿಯ ತಂದ ಕಾರ್ಡನ್ನೇ ನಕಲಿ ಎಂದು ಸಭೆಯಲ್ಲಿ ಹೇಳಿದ ಮನುಷ್ಯ ಇವರು. ಕಾಗದದ ವಿಷಯದಲ್ಲಿ ದೇವರಿಗೂ ದಾಕ್ಷಿಣ್ಯ ತೋರುವವರಲ್ಲ. ನನ್ನ ಕಡೆ ತಿರುಗದೆ, ಕಿಟಕಿಗೆ ಹೇಳಿದರು.

"ಗೆರೆ ಐತಪ್ಪಾ. ಗೆರೆ ಕಾಗದಾನೇ. ಅವತ್ತು ನಾನ್ ಸರಿಯಾಗಿ ನೋಡ್ಲಿಲ್ಲ."

ಆ ತುಂಡಿನಲ್ಲಿ ಗೆರೆ ಇರಲಿಲ್ಲ. ಸೆಂಥಿಲ್ಲನ ಇಸ್ತ್ರಿ ಒಂದನ್ನೂ ಉಳಿಸಿರಲಿಲ್ಲ. ಅದು ನನಗೆ ಗೊತ್ತಿತ್ತು, ಅಂಥ ಕಣ್ಣಿನ ಅವರಿಗೂ ಗೊತ್ತಾಗದೆ ಇರಲು ಸಾಧ್ಯವಿರಲಿಲ್ಲ. ಬಾಳಿನಲ್ಲಿ ಮೊದಲ ಸಲ ಅವರು ಕಾಗದದ ಬಗ್ಗೆ ಸುಳ್ಳು ಹೇಳುತ್ತಿದ್ದರು, ನನಗಾಗಿ. ಇಷ್ಟು ದೊಡ್ಡ ಉಪಕಾರವನ್ನು ಒಪ್ಪಿಕೊಳ್ಳುವುದು ಹೇಗೆಂದು ತಿಳಿಯದೆ, ಜಗಳಕ್ಕೆ ನಿಂತೆ.

"ಎಲ್ಲಿದೆ ಗೆರೆ? ನೇಯ್ದ ಕಾಗದ ಅಣ್ಣಾ ಇದು. ನೀವು ಹೇಳಿದ್ದೇ ಸರಿ" ಎಂದು ಉಳಿದ ಹಾಳೆ ತಂದು ಮುಂದೆ ಹಿಡಿದೆ. "ಇಲ್ಲಿ ನೋಡಿ, ಶಂಖ."

"ಶಂಖಾನಾ ಇದು? ಯಾವನೋ ಕಾಪಿ ಚೆಲ್ಲಿರೋ ಕಲೆ."

"ಜರಿ ಅಂಚು ಒತ್ತಿ ಬಿದ್ದ ಗೆರೆ ಅಣ್ಣಾ ಅವು. ಸೀರೆ ಬೇಕಾದ್ರೆ ತಂದು ತೋರಿಸ್ತೀನಿ."

"ಸೀರೆ ನೋಡಿ ಕಾಗದ ಹೇಳೋನಾ ನಾನು? ಗೆರೆ ಐತೆ ಅಂದ್ರೆ ಐತೆ."

ಅವರ ಪಿಸುಮಾತಿಗೇ ಬಸ್‌ಸ್ಟ್ಯಾಂಡ್ ತಿರುಗಿ ನೋಡುತ್ತದೆ ಎಂದು ಆಗಲೇ ಹೇಳಿದ್ದೇನೆ, ಇದಂತೂ ಜಗಳ. ಪಕ್ಕದ ಮನೆಯವರು ಕಾಂಪೌಂಡಿಗೆ ಬಂದು ನಿಂತರು. ರುಕ್ಮಿಣಿ ಕಾಫಿ ಹಿಡಿದು ಬಂದು, "ಇಷ್ಟು ಕೂಗಿದ್ರೆ ಗಂಟಲು ಒಣಗಲ್ವಾ" ಎಂದು ಇಬ್ಬರ ಮುಂದೂ ಇಟ್ಟಳು. ಬೇಡ ಎಂದಿದ್ದವರು ಮಾತು ನಿಲ್ಲಿಸದೆ ಕುಡಿದರು. ಹೊರಡುವಾಗ ಮೆಟ್ಟಿಲ ಮೇಲೆ ನಿಂತು, "ಕಟರ್ ಇಟ್ಟು ತಿರುಗಿಸ್ದನಾ? ನಿನ್ನ ಭಾಮೈದ?" ಎಂದರು. ಹೌದೆಂದೆ. ಆಗ ಅವರಿಗೆ ಬಂದ ನಗು, ನಾನು ಇಷ್ಟು ತಿಂಗಳು ಕಾದಿದ್ದ ನಗು. ಗೇಟು ಹಿಡಿದುಕೊಂಡು ನಕ್ಕರು, ನಾನೂ ಮೆಟ್ಟಿಲ ಮೇಲೆ ಕೂತೇಬಿಟ್ಟೆ.

ಜಗಳ ಇನ್ನೂ ಮುಗಿದಿಲ್ಲ. ಅವರು ಗೆರೆ ಎನ್ನುತ್ತಾರೆ, ನಾನು ಶಂಖ ಎನ್ನುತ್ತೇನೆ. ಒಬ್ಬರು ಇನ್ನೊಬ್ಬರನ್ನು ಗೆಲ್ಲಿಸಲು ಇಷ್ಟು ಹಟ ಹಿಡಿದರೆ ಸೋಲಿಸುವುದಕ್ಕಿಂತ ಹೆಚ್ಚು ಗಲಾಟೆಯಾಗುತ್ತದೆ ಎಂಬುದು ನನ್ನ ಅನುಭವ. ತೂತು ಬಿದ್ದ ಹಾಳೆಯನ್ನೂ ದುಂಡು ತುಂಡನ್ನೂ ಒಂದೇ ಪುಟದಲ್ಲಿ ಅಂಟಿಸಿ, ಇಬ್ಬರೂ ಸೇರಿ ಸಭೆಗೆ ತೆಗೆದುಕೊಂಡು ಹೋದೆವು. ಕೆಂಪು ಸ್ಟಿಕ್ಕರ್ ಕೀಳಲಿಲ್ಲ. ಬ್ಯಾಂಕ್ ಆಫೀಸರ್ ಮುಂದೆ ಬಂದು ಬಗ್ಗಿ ನೋಡಿ, ಅಚ್ಚುಕಟ್ಟಾದ ಕನ್ನಡದಲ್ಲಿ, ಇದು ಯಾವ ಬಗೆಯ ಕಾಗದ ಎಂದು ವಿಚಾರಿಸಿದ. ಅವನು ತಿರುಗಿದ ಮೇಲೆ ರಾಮಲಿಂಗಣ್ಣ ನನ್ನ ಕಡೆ ವಾಲಿ, ಅವನ ಬಗ್ಗೆ ಒಂದು ಮಾತು ಪಿಸುಗುಟ್ಟಿದರು. ಮಗ್ಗದಲ್ಲಿ ನೂಲು ಸಿಕ್ಕಾದಾಗ ನಮ್ಮ ಹಿರಿಯರು ಹೇಳುತ್ತಿದ್ದ ಮಾತು, ಯಾವ ಕರ್ನಾಟಕದ ಶಾಲೆಯಲ್ಲೂ ಕಲಿಸುವಂಥದಲ್ಲ. ಇಡೀ ಮಹಡಿಗೆ ಕೇಳಿಸಿತು. ಆಫೀಸರ್ ತಿರುಗಿ ನೋಡಿ, ಏನೂ ಅರ್ಥವಾಗದೆ, ನಮ್ಮಿಬ್ಬರಿಗೂ ನಮಸ್ಕಾರ ಮಾಡಿದ. ನಾವು ಹಿಂದಿನ ಬೆಂಚಿನಲ್ಲಿ ತಲೆ ತಗ್ಗಿಸಿ ನಕ್ಕೆವು.

ಆ ಮಾತು ಏನೆಂದು ನಿಮಗೂ ಹೇಳುವಂತಿಲ್ಲ. ರುಕ್ಮಿಣಿಗೆ ಕನ್ನಡ ಓದಲು ಬರುವುದಿಲ್ಲ. ಆ ಆಫೀಸರಿಗೆ ಬರುತ್ತದೆ.